ಮೊಸ್ತಾರಿನ ಸೇತುವೆಯೂ ನಮ್ಮೂರಿನ ಕೋರೆಯೂ

ಮಳೆಗಾಲ ಇಳಿಯುವ ಹೊತ್ತಿಗೆ ಕಾಸರಗೋಡಿನ ಕಡೆ ಕೆಂಪುಕಲ್ಲು ಕಡಿದು ಬಿಟ್ಟ ಕೋರೆಗಳಲ್ಲಿ ನೀರು ತುಂಬಿರುತ್ತದೆ. ಓಣಂ ರಜೆ ಬಂತೆಂದರೆ ದೊಡ್ಡ ತರಗತಿಯ ಹುಡುಗರಿಗೆ ಅಲ್ಲಿ ಮೇಲಿಂದ ಹಾರುವುದೇ ಆಟ. ಬೈದರೆ, "ಮಾಷ್ಟ್ರೇ, ಫಾರಿನ್ನಿನಲ್ಲಿ ಇದಕ್ಕೇ ಬಹುಮಾನ ಕೊಡುತ್ತಾರಲ್ಲ?" ಎನ್ನುತ್ತಾರೆ. ಹಾಗಾದರೆ ಆ ಊರಿನ ಚರಿತ್ರೆಯನ್ನೇ ನೋಡೋಣ ಎಂದು ಭೂಪಟ ಬಿಡಿಸಿದೆವು.

ಬೋಸ್ನಿಯಾ ದೇಶದ ಮೊಸ್ತಾರ್ ಪಟ್ಟಣದಲ್ಲಿ ನೆರೆತ್ವಾ ನದಿಗೆ ಒಂದೇ ಕಮಾನಿನ ಕಲ್ಲಿನ ಸೇತುವೆಯಿದೆ. ಹೆಸರು 'ಸ್ತಾರಿ ಮೋಸ್ತ್', ಎಂದರೆ ಹಳೆಯ ಸೇತುವೆ. ತುರ್ಕಿಯ ಒಟ್ಟೋಮನ್ನರ ಕಾಲದಲ್ಲಿ, 1566ರಲ್ಲಿ, ಶಿಲ್ಪಿ ಹೈರುದ್ದೀನ್ ಇದನ್ನು ಕಟ್ಟಿ ಮುಗಿಸಿದ. ಸೇತುವೆ ಕಾಯುವವರಿಗೆ 'ಮೊಸ್ತಾರಿ' ಎನ್ನುತ್ತಿದ್ದರು. ಊರಿಗೂ ಅದೇ ಹೆಸರಾಯಿತು. ಇಲ್ಲಿಂದ ನದಿಗೆ ಹಾರುವುದು ಊರ ಯುವಕರ ಹಳೆಯ ವಾಡಿಕೆ. 1968ರಿಂದ ವರ್ಷಕ್ಕೊಮ್ಮೆ ಬೇಸಗೆಯಲ್ಲಿ ಸ್ಪರ್ಧೆ ನಡೆಯುತ್ತದೆ. ಕೈಗಳನ್ನು ಅಂಬರಗುಬ್ಬಿಯ ರೆಕ್ಕೆಯಂತೆ ಚಾಚಿ ಹಾರುವ ಒಂದು ಶೈಲಿಯೂ ಅವರದಿದೆ.

1993ರ ನವೆಂಬರ್ 9ರಂದು, ಯುದ್ಧದಲ್ಲಿ, ಕ್ರೊಯೇಟ್ ಪಡೆಗಳ ಶೆಲ್ ದಾಳಿಗೆ ಸೇತುವೆ ಕುಸಿದು ನದಿಗೆ ಬಿತ್ತು. 427 ವರ್ಷ ನಿಂತದ್ದು! ಮತ್ತೆ ಹಳೆಯ ಮಾದರಿಯಲ್ಲೇ ಕಟ್ಟಿ 2004ರ ಜುಲೈಯಲ್ಲಿ ತೆರೆದರು. 2005ರಲ್ಲಿ ಅದು ಯುನೆಸ್ಕೋ ಪಟ್ಟಿಗೆ ಸೇರಿತು. ಹಾರುವವರು ಮರಳಿ ಬಂದರು.

ಇನ್ನು ಲೆಕ್ಕಕ್ಕೆ ಬರೋಣ. ಸೇತುವೆಯ ಎತ್ತರ 20 ಮೀಟರಿಗೂ ಹೆಚ್ಚು. 20 ಮೀಟರಿನಿಂದ ಬಿದ್ದವನು ನೀರು ಮುಟ್ಟುವಾಗ ವೇಗ ಗಂಟೆಗೆ ಸುಮಾರು 70 ಕಿಲೋಮೀಟರ್. ಆ ವೇಗದಲ್ಲಿ ನೀರಿಗೆ ಬಿದ್ದರೂ ದೊಡ್ಡ ಪೆಟ್ಟಾಗಬಹುದು ಎಂದು ಹುಡುಗರಿಗೆ ಹೇಳಿದೆವು. ನೆರೆತ್ವಾ ಬೇಸಗೆಯಲ್ಲೂ ತಣ್ಣಗೆ ಕೊರೆಯುತ್ತದೆ. ಆದ್ದರಿಂದ ಅಲ್ಲಿಯವರು ಮೊದಲು ಮೈಗೆ ತಣ್ಣೀರು ಸುರಿದುಕೊಳ್ಳುತ್ತಾರೆ. ಹೊಸಬರಿಗೆ ತಗ್ಗಿನ ಕಟ್ಟೆಯಿಂದ ಅಭ್ಯಾಸ ಮಾಡಿಸುತ್ತಾರೆ. ದೊಡ್ಡ ಸ್ಪರ್ಧೆಗಳಲ್ಲಿ ಎತ್ತಲು ಮುಳುಗುಗಾರರು ನೀರಿನಲ್ಲೇ ಕಾದಿರುತ್ತಾರೆ. ನದಿಯ ಆಳ, ಸೆಳವು ಅವರಿಗೆ ತಲೆಮಾರುಗಳಿಂದ ಗೊತ್ತು.

ನಮ್ಮ ಕಡೆ ಏನಾಗುತ್ತದೆ? 2025ರ ಫೆಬ್ರವರಿಯಲ್ಲಿ ಗಂಗಾವತಿ ಬಳಿಯ ಸಾಣಾಪುರದಲ್ಲಿ ಬಂಡೆಯ ಮೇಲಿಂದ ತುಂಗಭದ್ರೆಗೆ ಹಾರಿದ ಪ್ರವಾಸಿಗರೊಬ್ಬರು ಸೆಳವಿಗೆ ಸಿಕ್ಕಿ ತೀರಿಹೋದರು. ಜಾಗ ಚಂದ ಕಂಡರೆ ಸಾಲದು.

ಪಾಠ ಮುಗಿದಾಗ ಹುಡುಗರಿಂದಲೇ ಬೋರ್ಡಿನ ಮೇಲೆ ಬರೆಸಿದೆವು. ಅಂದೇ ಆಳ ನೋಡಿರಬೇಕು. ಮಳೆ ಬಂದ ಮೇಲೆ ಹೊಳೆಯ ಕಯಕ್ಕೆ ಇಳಿಯಬಾರದು. ಏರಿ ಬರುವ ದಾರಿ ಮೊದಲೇ ತಿಳಿದಿರಬೇಕು. ಈಜು ಬಲ್ಲ ಹಿರಿಯರು, ಹಗ್ಗ, ಟ್ಯೂಬು ಹತ್ತಿರ ಇರಬೇಕು. ತಲೆ ಕೆಳಗಾಗಿ ಹಾರಲೇಬಾರದು. ಒಬ್ಬನೇ ಹೋಗಬಾರದು.

"ಇದರಲ್ಲಿ ನಮ್ಮ ಕೋರೆಯಲ್ಲಿ ಎಷ್ಟಿದೆ?" ಎಂದು ಕೇಳಿದೆವು. ಕಲ್ಲು ಕಡಿದ ತಳ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಕಲಕು ನೀರಿನಲ್ಲಿ ಕಾಣುವುದಿಲ್ಲ, ನೇರ ಗೋಡೆ, ಹಿಡಿಯಲು ಏನೂ ಇಲ್ಲ. ಹಿಂದಿನ ಬೆಂಚಿನವನೇ ಎದ್ದು, "ಒಂದೂ ಇಲ್ಲ ಮಾಷ್ಟ್ರೇ" ಎಂದ.

ರಜೆಗೆ ಮುಂಚೆ ಈ ಮಾತನ್ನು ಹೆತ್ತವರೂ ಮನೆಯಲ್ಲಿ ಒಮ್ಮೆ ಆಡಲಿ. ರಜೆ ಮುಗಿದು ಹಾಜರಿ ಕರೆಯುವಾಗ ಎಲ್ಲ ಹೆಸರಿಗೂ "ಇದ್ದೇನೆ" ಎಂಬ ಉತ್ತರ ಬರಬೇಕು. ನಮಗೆ ಬೇಕಾದದ್ದು ಅಷ್ಟೇ.