ಕಾಣದ ಬೆಳಕಿಗಾಗಿ ನಡೆದ ಹೋರಾಟ

ಊರಿಗೆ ಹೋದಾಗ ಅಡುಗೆಮನೆ ಗೋಡೆಯಲ್ಲಿ ಯುವಿ ವಾಟರ್ ಫಿಲ್ಟರ್ ನೋಡಿರ್ತೀರಿ. ಅಂಥ ಎಷ್ಟೋ ಫಿಲ್ಟರ್‌ಗಳಲ್ಲಿ ಪುಟ್ಟ ಟ್ಯೂಬ್‌ಲೈಟಿನಂಥ ದೀಪ ಇರುತ್ತೆ. ಅದರೊಳಗಿನ ಪಾದರಸದ ಆವಿ 254 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಬೆಳಕು ಕೊಡುತ್ತೆ. ನ್ಯಾನೋಮೀಟರ್ ಅಂದ್ರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಈ ಬೆಳಕು ರೋಗಾಣುವಿನ ಡಿಎನ್ಎ ಕೆಡಿಸುತ್ತೆ. ಆಮೇಲೆ ಅದು ತನ್ನ ಸಂತತಿ ಬೆಳೆಸಲಾರದು.

ಆದರೆ ಪಾದರಸ ವಿಷ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸ ಮೀನಿನ ಮೂಲಕ ಜನರ ಮೈ ಸೇರಿತು. 1956ರಲ್ಲಿ ಆ ಕಾಯಿಲೆ ಅಧಿಕೃತವಾಗಿ ದಾಖಲಾಯ್ತು. ಪಾದರಸಕ್ಕೆ ಕಡಿವಾಣ ಹಾಕುವ 2013ರ ಜಾಗತಿಕ ಒಪ್ಪಂದಕ್ಕೂ ಆ ಊರಿನದೇ ಹೆಸರು.

ಹಾಗಾದ್ರೆ ಎಲ್ಇಡಿ ಹಾಕಬಹುದಲ್ವಾ? ಆ ಕಥೆಯೂ ಜಪಾನಿನದೇ. ನಗೋಯಾದಲ್ಲಿ ಇಸಾಮು ಅಕಾಸಾಕಿ ಮತ್ತು ಅವರ ವಿದ್ಯಾರ್ಥಿ ಹಿರೋಶಿ ಅಮಾನೊ ನೀಲಮಣಿಯ ಬಿಲ್ಲೆ ಮೇಲೆ ಗ್ಯಾಲಿಯಂ ನೈಟ್ರೈಡ್ ಹರಳು ಬೆಳೆಸಲು ವರ್ಷಗಟ್ಟಲೆ ಹೆಣಗಿದರು. ಎರಡರ ಅಣುಜೋಡಣೆ ಹೊಂದುವುದಿಲ್ಲ, ಹರಳು ಬಿರುಕು ಬಿಡುತ್ತಿತ್ತು. ಒಂದು ದಿನ ಕುಲುಮೆ ಕೈಕೊಟ್ಟಿತು, ಶಾಖ ಏರಲಿಲ್ಲ. ಅಮಾನೊ ಆ ಕಡಿಮೆ ಶಾಖದಲ್ಲೇ ಅಲ್ಯೂಮಿನಿಯಂ ನೈಟ್ರೈಡಿನ ತೆಳು ಪದರ ಹಾಸಿ, ಅದರ ಮೇಲೆ ಹರಳು ಬೆಳೆಸಿದರು. ಗಾಜಿನಷ್ಟು ಸ್ವಚ್ಛವಾದ ಹರಳು ಬಂತು! ಆ ಫಲಿತಾಂಶ 1986ರಲ್ಲಿ ಪ್ರಕಟವಾಯ್ತು. 1993ರಲ್ಲಿ ಶೂಜಿ ನಕಾಮುರಾ ಪ್ರಖರ ನೀಲಿ ಎಲ್ಇಡಿ ತಂದರು. 2014ರಲ್ಲಿ ಮೂವರಿಗೂ ನೊಬೆಲ್ ಬಂತು.

ನೀಲಿಯಿಂದ ಅತಿನೇರಳೆಗೆ ಹೋಗಬೇಕಾದರೆ ಹರಳಿಗೆ ಅಲ್ಯೂಮಿನಿಯಂ ಹೆಚ್ಚು ಬೆರೆಸಬೇಕು. ಅಲ್ಲೇ ಇರೋದು ಕಷ್ಟ. ನೀಲಿ ಎಲ್ಇಡಿ ಹರಳಿನ ದೋಷಗಳನ್ನು ಸಾಕಷ್ಟು ಸಹಿಸುತ್ತೆ, ಇದು ಸಹಿಸಲ್ಲ. ದೋಷವಿದ್ದಲ್ಲಿ ವಿದ್ಯುತ್ತು ಬೆಳಕಾಗದೆ ಶಾಖವಾಗುತ್ತೆ. ಹುಟ್ಟಿದ ಬೆಳಕನ್ನೂ ಒಳಗಿನ ಪದರಗಳೇ ನುಂಗಿಬಿಡುತ್ತವೆ.

ನ್ಯಾನೋ ವಿದ್ಯೆ ನೆರವಾಗುವುದು ಇಲ್ಲಿ. ನೀಲಮಣಿಯ ಮೇಲೆ ನ್ಯಾನೋ ಗಾತ್ರದ ಗುಳಿಗಳನ್ನು ಕೊರೆದರೆ, ಮೇಲೆ ಬೆಳೆಯುವ ಹರಳಿನಲ್ಲಿ ದೋಷ ಕಡಿಮೆಯಾಗುತ್ತೆ. ಸಿಕ್ಕಿಬಿದ್ದ ಬೆಳಕೂ ದಿಕ್ಕು ಬದಲಿಸಿ ಹೊರಬರುತ್ತೆ. ಬೆಳಕು ನುಂಗುವ ಪದರದ ಬದಲು ಪಾರದರ್ಶಕ ಪದರ, ಹಿಂದೆ ಕನ್ನಡಿಯಂಥ ಲೋಹ, ಹೀಗೆ ಒಂದೊಂದೇ ಸುಧಾರಣೆ ಸೇರಿಸಿ, 2017ರಲ್ಲಿ ಜಪಾನಿನ ಸಂಶೋಧಕರು 275 ನ್ಯಾನೋಮೀಟರಿನಲ್ಲಿ 100 ಎಲೆಕ್ಟ್ರಾನಿಗೆ 20 ಫೋಟಾನ್ ಹೊರತಂದರು.

ಅದು ಪ್ರಯೋಗಾಲಯದ ಮಾತು. ಪಾದರಸದ ದೀಪ ವಿದ್ಯುತ್ತಿನ ಸುಮಾರು ಮೂರನೇ ಒಂದು ಭಾಗವನ್ನು ಈ ಬೆಳಕಾಗಿಸುತ್ತೆ. ಆ ವಿಷಯದಲ್ಲಿ ಎಲ್ಇಡಿ ಇನ್ನೂ ಹಿಂದೆ. ಆದರೆ ಅದು ಒಡೆದರೆ ವಿಷ ಚೆಲ್ಲಲ್ಲ, ಹಚ್ಚಿದ ಕ್ಷಣವೇ ಉರಿಯುತ್ತೆ, ಸಣ್ಣ ಸೋಲಾರ್ ಫಲಕಕ್ಕೂ ಒಗ್ಗುತ್ತೆ. ಆ ಅಂತರ ತುಂಬಿದ ದಿನ, ಕರೆಂಟು ನೆಚ್ಚಿಕೊಳ್ಳಲಾಗದ ಹಳ್ಳಿಯಲ್ಲೂ ಪಾದರಸವಿಲ್ಲದೆ ನೀರು ಶುದ್ಧವಾದೀತು.