ಕ್ಯಾಬರೆ: ಕುಣಿತದ ಮರೆಯಲ್ಲಿ ಬೆಳೆದ ಕತ್ತಲು

'ಕ್ಯಾಬರೆ' ಎಂದೊಡನೆ ಕನ್ನಡ ಪ್ರೇಕ್ಷಕರ ಕಣ್ಮುಂದೆ ಬರುವುದು ಹಳೆಯ ಸಿನಿಮಾಗಳ ಖಳನಾಯಕನ ಅಡ್ಡೆ, ಬಣ್ಣದ ದೀಪ ಮತ್ತು ಒಂದು ನೃತ್ಯ. ಅದೇ ಹೆಸರಿನ ಅಮೆರಿಕನ್ ಸಂಗೀತ ನಾಟಕಕ್ಕೆ ಆ ನೃತ್ಯ ಕೇವಲ ಹೊರಮೈ. ಒಂದು ನಗರ ರಾತ್ರಿಯಿಡೀ ಹಾಡಿ ಕುಣಿಯುತ್ತಿದ್ದಾಗಲೇ ಅದರ ಬಾಗಿಲಿಗೆ ಸರ್ವಾಧಿಕಾರ ಬಂದು ನಿಂತದ್ದು ಹೇಗೆ ಎಂಬುದು ಅದರ ನಿಜವಾದ ವಸ್ತು.

ಜಾನ್ ಕ್ಯಾಂಡರ್ ಸಂಗೀತ, ಫ್ರೆಡ್ ಎಬ್ ಗೀತೆಗಳು ಹಾಗೂ ಜೋ ಮಾಸ್ಟರಾಫ್ ಸಂಭಾಷಣೆಯ ಈ ನಾಟಕ ಹೆರಾಲ್ಡ್ ಪ್ರಿನ್ಸ್ ನಿರ್ದೇಶನದಲ್ಲಿ 1966ರ ನವೆಂಬರ್ 20ರಂದು ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ ತೆರೆಕಂಡಿತು. 1,165 ಪ್ರದರ್ಶನಗಳನ್ನು ಕಂಡು, ಎಂಟು ಟೋನಿ ಪ್ರಶಸ್ತಿಗಳನ್ನು ಪಡೆಯಿತು. ಇಂಗ್ಲಿಷ್ ಲೇಖಕ ಕ್ರಿಸ್ಟೋಫರ್ ಇಶರ್‌ವುಡ್ 1939ರಲ್ಲಿ ಪ್ರಕಟಿಸಿದ 'ಗುಡ್‌ಬೈ ಟು ಬರ್ಲಿನ್' ಕೃತಿ ಇದರ ಮೂಲ.

ಕಥೆ ಏನು?

ಅಮೆರಿಕದ ಯುವ ಲೇಖಕ ಕ್ಲಿಫ್ ಬರ್ಲಿನ್‌ಗೆ ಬಂದು ಕಿಟ್ ಕ್ಯಾಟ್ ಕ್ಲಬ್ಬಿನ ಗಾಯಕಿ ಸ್ಯಾಲಿ ಬೌಲ್ಸ್‌ಳಿಗೆ ಮನಸೋಲುತ್ತಾನೆ. ಅವನ ವಸತಿಗೃಹದ ಒಡತಿ ಶ್ನೈಡರ್ ಮತ್ತು ಹಣ್ಣಿನ ವ್ಯಾಪಾರಿ ಶುಲ್ಟ್ಸ್ ಇಳಿವಯಸ್ಸಿನಲ್ಲಿ ಮದುವೆಯಾಗಲು ನಿಶ್ಚಯಿಸುತ್ತಾರೆ. ಶುಲ್ಟ್ಸ್ ಯಹೂದಿ. ನಿಶ್ಚಿತಾರ್ಥದ ಸಂತೋಷಕೂಟದಲ್ಲಿ ಅತಿಥಿಯೊಬ್ಬನ ತೋಳಿನ ಮೇಲೆ ಸ್ವಸ್ತಿಕದ ಪಟ್ಟಿ ಕಾಣಿಸುತ್ತದೆ. ಮುಂದೆ ಅಂಗಡಿಯ ಗಾಜು ಒಡೆಯುತ್ತದೆ, ಮದುವೆ ಮುರಿಯುತ್ತದೆ. ತಾನೂ ಜರ್ಮನ್ನನೇ ಆದ್ದರಿಂದ ಇದೆಲ್ಲ ಕೆಲದಿನಗಳ ಮಾತು ಎಂದು ಶುಲ್ಟ್ಸ್ ನಂಬಿದ್ದಾನೆ. ರಾಜಕೀಯಕ್ಕೂ ತನಗೂ ಏನು ಸಂಬಂಧ ಎನ್ನುವುದು ಸ್ಯಾಲಿಯ ನಿಲುವು. ಕ್ಲಿಫ್ ಊರು ಬಿಡುತ್ತಾನೆ. ಅವಳು ಮತ್ತೆ ವೇದಿಕೆ ಏರುತ್ತಾಳೆ.

ಶುಲ್ಟ್ಸ್‌ನ ನಂಬಿಕೆ ಎಷ್ಟು ದುಬಾರಿಯಾದದ್ದೆಂಬುದನ್ನು ಅಂಕಿಅಂಶಗಳು ಹೇಳುತ್ತವೆ. 1928ರ ಚುನಾವಣೆಯಲ್ಲಿ ನಾಜಿ ಪಕ್ಷ ಪಡೆದದ್ದು ಶೇ 2.6 ಮತ ಹಾಗೂ 12 ಸ್ಥಾನ. 1930ರಲ್ಲಿ ಅದು 107 ಸ್ಥಾನಗಳಿಗೆ, 1932ರ ಜುಲೈನಲ್ಲಿ ಶೇ 37.3 ಮತಗಳೊಂದಿಗೆ 230 ಸ್ಥಾನಗಳಿಗೆ ಏರಿತು. ನಿರುದ್ಯೋಗಿಗಳ ಸಂಖ್ಯೆ 60 ಲಕ್ಷ ಮುಟ್ಟಿತ್ತು. 1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದ.

ಬರ್ಲಿನ್‌ನ ನಿಜವಾದ ಕ್ಯಾಬರೆಗಳ ಗತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ವಿಡಂಬನೆಗೆ ಹೆಸರಾದ 'ಕಟಕೊಂಬೆ'ಯನ್ನು 1935ರಲ್ಲಿ ಮುಚ್ಚಿಸಿ, ಅದರ ನಿರೂಪಕ ವೆರ್ನರ್ ಫಿಂಕ್‌ನನ್ನು ಸೆರೆಶಿಬಿರಕ್ಕೆ ಕಳುಹಿಸಲಾಯಿತು. ಬ್ರೆಕ್ಟ್‌ನ 'ಥ್ರೀ ಪೆನ್ನಿ ಒಪೆರಾ'ದ 1928ರ ಮೊದಲ ಪ್ರಯೋಗದಲ್ಲಿ ಹಾಡಿದ್ದ ಕುರ್ಟ್ ಗೆರೋನ್ 1944ರಲ್ಲಿ ಔಶ್ವಿಟ್ಸ್‌ನಲ್ಲಿ ಹತನಾದ. ಅದೇ ಪ್ರಯೋಗದಲ್ಲಿ ನಟಿಸಿದ್ದ ಲೊಟ್ಟೆ ಲೆನ್ಯಾ 1933ರಲ್ಲಿ ಜರ್ಮನಿ ತೊರೆದು ಬದುಕುಳಿದರು. 1966ರ 'ಕ್ಯಾಬರೆ'ಯಲ್ಲಿ ಶ್ನೈಡರ್ ಪಾತ್ರ ವಹಿಸಿದವರು ಅವರೇ.

ರಂಗಕ್ಕೆ ತರುವವರ ಸವಾಲು

ಪ್ರೇಕ್ಷಕರು ಮೊದಲು ಮನಸಾರೆ ಆನಂದಿಸಬೇಕು. ತಾವು ಯಾವುದಕ್ಕೆ ಚಪ್ಪಾಳೆ ತಟ್ಟಿದೆವು ಎಂಬುದು ಆಮೇಲೆ ಅರಿವಾಗಬೇಕು. ಈ ನಾಟಕದ ಕಷ್ಟವಿರುವುದು ಇಲ್ಲಿಯೇ. ಮೂಲ ಪ್ರಯೋಗದಲ್ಲಿ ರಂಗವಿನ್ಯಾಸಕ ಬೋರಿಸ್ ಆರನ್ಸನ್ ವೇದಿಕೆಯ ಮೇಲೆ ಓರೆಯಾಗಿ ದೊಡ್ಡ ಕನ್ನಡಿಯೊಂದನ್ನು ತೂಗುಹಾಕಿ, ಸಭಿಕರು ತಮ್ಮನ್ನೇ ಕಾಣುವಂತೆ ಮಾಡಿದ್ದರು.

ಕ್ಲಬ್ಬಿನ ನಿರೂಪಕ ಗೊರಿಲ್ಲಾ ವೇಷದ ಪಾತ್ರದೊಂದಿಗೆ ಪ್ರೇಮಗೀತೆ ಹಾಡುತ್ತಾನೆ. ಸಭೆ ನಗುತ್ತದೆ. ಆ ಹಾಸ್ಯದ ಗುರಿ ಯಹೂದಿಯರೆಂಬುದು ಕೊನೆಯ ಸಾಲಿನಲ್ಲಿ ಬಯಲಾಗುತ್ತದೆ. 1966ರಲ್ಲಿ ಆಕ್ಷೇಪ ಬಂದುದರಿಂದ ಆ ಸಾಲನ್ನು ಮೃದುಗೊಳಿಸಲಾಯಿತು. ಬಾಬ್ ಫಾಸಿ ನಿರ್ದೇಶನದ 1972ರ ಚಲನಚಿತ್ರದಲ್ಲಿ ಅದು ಮರಳಿ ಬಂತು. ಎಂಟು ಆಸ್ಕರ್ ಪಡೆದ ಈ ಚಿತ್ರದಲ್ಲಿ ಸ್ಯಾಲಿಯಾಗಿ ನಟಿಸಿದ್ದು ಲಿಜಾ ಮಿನೆಲಿ.

ಇನ್ನೊಂದು ಅಪಾಯ ನಾಜಿಗಳ ಹಾಡಿನಲ್ಲಿದೆ. ನಾಳೆಯ ದಿನ ತಮ್ಮದೆಂದು ಸಾರುವ ಆ ಮಧುರ ಗೀತೆಯನ್ನು ಹಲವರು ನಿಜವಾದ ನಾಜಿ ಗೀತೆಯೆಂದೇ ಭಾವಿಸಿದರು. ಅದನ್ನು ರಚಿಸಿದವರು ಕ್ಯಾಂಡರ್ ಮತ್ತು ಎಬ್, ಇಬ್ಬರೂ ಯಹೂದಿಯರು. ಆದರೂ ನವನಾಜಿ ಗುಂಪುಗಳು ಅದನ್ನು ತಮ್ಮದಾಗಿಸಿಕೊಂಡದ್ದುಂಟು. ಹಾಡು ಸೊಗಸಾದಷ್ಟೂ ನಾಟಕ ಗೆಲ್ಲುತ್ತದೆ, ಹಾಡಿನ ದುರುಪಯೋಗವೂ ಅಷ್ಟೇ ಸುಲಭವಾಗುತ್ತದೆ.

ಸ್ಯಾಮ್ ಮೆಂಡಿಸ್ 1993ರಲ್ಲಿ ಲಂಡನ್‌ನಲ್ಲಿ ನಿರ್ದೇಶಿಸಿದ ಪ್ರಯೋಗದ ಕೊನೆಯಲ್ಲಿ ನಿರೂಪಕ ತನ್ನ ಕೋಟು ಕಳಚಿದಾಗ ಒಳಗೆ ಕಾಣುವುದು ಸೆರೆಶಿಬಿರದ ಉಡುಪು. 1998ರಲ್ಲಿ ಬ್ರಾಡ್‌ವೇಗೆ ಬಂದ ಇದರ ಮರುರೂಪ 2,377 ಪ್ರದರ್ಶನಗಳನ್ನು ಕಂಡಿತು. 2021ರಲ್ಲಿ ರೆಬೆಕಾ ಫ್ರೆಕ್ನಾಲ್ ಲಂಡನ್ ರಂಗಮಂದಿರವನ್ನೇ ಕ್ಲಬ್ಬಾಗಿ ಮಾರ್ಪಡಿಸಿದರು.

ಕರಾವಳಿಗೆ ಅಪರಿಚಿತವಲ್ಲ

ಹಾಡು, ಕುಣಿತ, ಮಾತು ಬೆರೆತ ರಾತ್ರಿಯಾಟ ಬಿ.ಸಿ.ರೋಡ್, ಬೆಳ್ತಂಗಡಿ, ಮೂಡುಬಿದಿರೆ ಸೀಮೆಗೆ ಹೊಸತಲ್ಲ. ಕಥೆಯ ಒಳಗೂ ಹೊರಗೂ ನಿಂತು ಸಭೆಯನ್ನು ನಡೆಸುವ ನಿರೂಪಕನನ್ನು, ಆಟ ಮುನ್ನಡೆಸುವ ಭಾಗವತರನ್ನೂ ನಗಿಸುತ್ತಲೇ ಚುಚ್ಚುವ ಹಾಸ್ಯಗಾರರನ್ನೂ ಕಂಡ ಯಕ್ಷಗಾನ ಪ್ರೇಕ್ಷಕ ಬೇಗ ಗುರುತಿಸಬಲ್ಲ. ಆದರೆ ಭಾಗವತರ ಮಾತನ್ನು ಸಭೆ ನಂಬುತ್ತದೆ. ಈ ನಿರೂಪಕನನ್ನು ನಂಬಿ ಕುಳಿತವರು ಮೋಸಹೋಗುತ್ತಾರೆ. ಕನ್ನಡದಲ್ಲಿ ಇದನ್ನು ಆಡಿಸುವವರು ಈ ವ್ಯತ್ಯಾಸವನ್ನು ಮರೆಯುವಂತಿಲ್ಲ.

ಅಧಿಕಾರದ ಬಿಸಿ ಕರ್ನಾಟಕದ ಕಲಾವಿದರಿಗೂ ತಟ್ಟಿದೆ. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ್ದ, ರಂಗಭೂಮಿಯಲ್ಲೂ ಸಕ್ರಿಯರಾಗಿದ್ದ ಸ್ನೇಹಲತಾ ರೆಡ್ಡಿ ಅವರನ್ನು ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಬಂಧಿಸಿ ಸುಮಾರು ಎಂಟು ತಿಂಗಳು ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ವಿಚಾರಣೆಯಿಲ್ಲದೆ ಇರಿಸಲಾಗಿತ್ತು. ಅಸ್ತಮಾದಿಂದ ನರಳುತ್ತಿದ್ದ ಅವರು ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ನಾಟಕಗಳನ್ನು ನಿಷೇಧಿಸಲು ಬ್ರಿಟಿಷರು ತಂದ 1876ರ ಕಾಯ್ದೆ ದೇಶದ ಕಾನೂನು ಪುಸ್ತಕದಿಂದ ಹೊರಬಿದ್ದದ್ದು 2018ರಲ್ಲಿ.

ಪ್ರದರ್ಶನಕ್ಕೆ ಮುನ್ನ ಹಕ್ಕುದಾರರ ಪರವಾನಗಿ ಅಗತ್ಯ. ಅನುವಾದಕ್ಕೂ ಪ್ರತ್ಯೇಕ ಒಪ್ಪಿಗೆ ಬೇಕು. ಫ್ರೆಡ್ ಎಬ್ 2004ರಲ್ಲಿ, ಮಾಸ್ಟರಾಫ್ 2018ರಲ್ಲಿ ನಿಧನರಾದರು. ಭಾರತದಲ್ಲಿ ಲೇಖಕರ ಮರಣಾನಂತರ 60 ವರ್ಷ ಕೃತಿಸ್ವಾಮ್ಯ ಉಳಿಯುವುದರಿಂದ, ಅನುಮತಿಯಿಲ್ಲದೆ ಹಾಡು ಅಥವಾ ಸಂಭಾಷಣೆ ಬಳಸುವಂತಿಲ್ಲ. ಆದರೆ ಶುಲ್ಟ್ಸ್‌ನಂತೆ ಎಲ್ಲವೂ ಸರಿಹೋಗುತ್ತದೆಂದು ನಂಬಿದವರ ಕಥೆ ಯಾರ ಸ್ವತ್ತೂ ಅಲ್ಲ. ಅದನ್ನು ನಮ್ಮದೇ ಹಾಡು, ನಮ್ಮದೇ ಊರಿನ ಹೆಸರಿನಲ್ಲಿ ಹೊಸದಾಗಿ ಕಟ್ಟಲು ರಂಗತಂಡಗಳಿಗೆ ಅಡ್ಡಿಯಿಲ್ಲ.