ದುಡಿಯುವವರ ಉತ್ಸಾಹಪೋಷಣೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಇತಿಹಾಸ

ದುಡಿಯುವವರ ಉತ್ಸಾಹಪೋಷಣೆ ಎಂದರೆ, ಕೆಲಸಕ್ಕೆ ನಿಂತವರ ಆಸ್ಥೆ ಕುಂದದಂತೆಯೂ, ಅವರು ಅದನ್ನು ತೊರೆದು ಹೋಗದಂತೆಯೂ ನೋಡಿಕೊಳ್ಳಲು ಒಡೆಯರು, ಉದ್ಯಮಗಳು, ಸರ್ಕಾರ ಹಾಗೂ ಸ್ವತಃ ಶ್ರಮಜೀವಿಗಳು ಕಾಲಕಾಲಕ್ಕೆ ಅವಲಂಬಿಸಿದ ಉಪಾಯಗಳ ಸಮಷ್ಟಿ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ಮತ್ತು ಬೆಳ್ತಂಗಡಿ ತಾಲ್ಲೂಕುಗಳಲ್ಲಿಯೂ, ಹಿಂದೆ ಕಾರ್ಕಳ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಮೂಡುಬಿದಿರೆಯಲ್ಲಿಯೂ ಈ ಉಪಾಯಗಳು ಗದ್ದೆಯ ಬದುವಿನಿಂದ ಹೊರಟು ಮನೆಯ ಜಗಲಿ, ಗೇರುಬೀಜದ ಕಾರ್ಖಾನೆ, ಸಂಘದ ವಾರದ ಸಭೆ ಇವುಗಳನ್ನು ಹಾದುಬಂದಿವೆ. ಒಡೆಯನ ಔದಾರ್ಯವು ಆಳನ್ನು ನಿಲ್ಲಿಸಿಕೊಂಡಿತೇ ಹೊರತು ಅವನ ಉತ್ಸಾಹವನ್ನು ಬೆಳೆಸಲಿಲ್ಲವೆಂಬುದೂ, ದುಡಿಮೆಯ ಲೆಕ್ಕವು ದುಡಿಯುವವರ ಕಣ್ಣೆದುರಿಗೆ ಬಂದ ಎಡೆಗಳಲ್ಲಿ ಮಾತ್ರ ಆಸ್ಥೆ ಬೇರೂರಿತೆಂಬುದೂ ಈ ಚರಿತ್ರೆಯಿಂದ ವ್ಯಕ್ತವಾಗುವ ಮುಖ್ಯಾಂಶ.

ಒಡೆಯ ಮತ್ತು ಆಳು

ಇಂಗ್ಲಿಷ್ ಕಂಪನಿಯ ಆಳ್ವಿಕೆ ಕೆನರಾ ಸೀಮೆಗೆ ಕಾಲಿಟ್ಟ ಹೊಸತರಲ್ಲಿ, 1801ರಲ್ಲಿ, ಬಂಟ್ವಾಳ, ವೇಣೂರು, ಮೂಡುಬಿದಿರೆಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಕಥನದಲ್ಲಿ (1807) ಈ ನಾಡಿನ ಬೇಸಾಯವನ್ನೂ ಗೇಣಿಯ ಕ್ರಮವನ್ನೂ ವರ್ಣಿಸುವುದರ ಜೊತೆಗೆ, ಕೂಲಿಯಾಳುಗಳ ಹಾಗೂ ಜನ್ಮತಃ ಒಡೆಯನಿಗೆ ಸೇರಿದವರೆಂದು ಎಣಿಸಲ್ಪಡುತ್ತಿದ್ದ ದಾಸರ ಸ್ಥಿತಿಯನ್ನೂ ದಾಖಲಿಸಿದ್ದಾನೆ. ಮೂಲದಾಳುಗಳೆಂದು ಕರೆಯಲ್ಪಡುತ್ತಿದ್ದ ಈ ಜನಕ್ಕೆ ಕೂಲಿಯು ಭತ್ತ ಅಥವಾ ಅಕ್ಕಿಯ ಅಳತೆಯಲ್ಲಿ ಸಲ್ಲುತ್ತಿದ್ದಿತು. ಹಬ್ಬಕ್ಕೆ ತೆಂಗಿನಕಾಯಿ, ಎಣ್ಣೆ, ವರ್ಷಕ್ಕೊಮ್ಮೆ ಬಟ್ಟೆ, ಮದುವೆಗೆ ಒಡೆಯನ ಸಾಲ ಇವೆಲ್ಲ ಅದರ ಮೇಲಣ ಅನುಗ್ರಹಗಳಾಗಿದ್ದವು. ಪಡೆದವನು ತೀರಿಸಲಾರದ ಸಾಲವು ಅವನನ್ನು ಅದೇ ಗದ್ದೆಗೆ ಕಟ್ಟಿಹಾಕುತ್ತಿದ್ದುದರಿಂದ, ಮೇಲ್ನೋಟಕ್ಕೆ ಪ್ರೋತ್ಸಾಹದಂತೆ ತೋರುತ್ತಿದ್ದುದು ವಸ್ತುತಃ ಬಂಧನವೇ ಆಗಿದ್ದಿತು. ದಾಸ್ಯಕ್ಕಿದ್ದ ಕಾನೂನಿನ ಮನ್ನಣೆ 1843ರ ಶಾಸನದಿಂದ ತೊಲಗಿದರೂ, ಜೀತದ ರೂಪದಲ್ಲಿ ಅದು ಮುಂದುವರಿದು, 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯವರೆಗೂ ಶಾಸನಕರ್ತರನ್ನು ಕಾಡಿತು.

ಇಂತಹ ವ್ಯವಸ್ಥೆಯೊಳಗೂ ದುಡಿಯುವವರು ತಮ್ಮ ಉತ್ಸಾಹವನ್ನು ತಾವೇ ಕಂಡುಕೊಂಡುದು ಹಾಡಿನಲ್ಲಿ. ಏಣೆಲು ಬೆಳೆಯ ಕಾಲದಲ್ಲಿ, ಮಳೆ ಹಿಡಿದ ಗದ್ದೆಯಲ್ಲಿ, ಸೊಂಟ ಬಗ್ಗಿಸಿ ಸಾಲಾಗಿ ನೇಜಿ ನೆಡುವ ಹೆಂಗಸರಲ್ಲಿ ಒಬ್ಬಾಕೆ ತುಳುವಿನ ಪಾಡ್ದನವನ್ನೋ ಓಬೇಲೆಯನ್ನೋ ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯುತ್ತಿದ್ದರು. ಹಾಡಿನ ಲಯಕ್ಕೆ ಕೈ ಒಡಂಬಟ್ಟು, ಹಿಂದೆ ಬಿದ್ದವಳು ಸಾಲನ್ನು ಕೂಡಿಕೊಳ್ಳುತ್ತಿದ್ದಳು. ಸಿರಿಯಂತಹ ದೀರ್ಘ ಪಾಡ್ದನಗಳು ಗದ್ದೆಯಲ್ಲಿಯೇ ಬಾಯಿಂದ ಬಾಯಿಗೆ ಉಳಿದುಬಂದುವೆಂಬುದು ಜಾನಪದ ವಿದ್ವಾಂಸರಿಗೆ ಸುವಿದಿತವಾದ ಸಂಗತಿ. ನಡುಹಗಲಿನ ಗಂಜಿ, ಎಲೆಯಡಿಕೆ ಇವು ಒಡೆಯನ ಕಡೆಯಿಂದ ಬಂದರೂ, ಹಾಡು ಯಾರ ಅನುಗ್ರಹವೂ ಆಗಿರಲಿಲ್ಲ.

ಮೇಳದ ಕ್ರಮ

ಬೇಸಾಯದ ಹೊರಗೆ, ಅನೇಕರನ್ನು ತಿಂಗಳುಗಟ್ಟಲೆ ಒಂದೇ ಕಾರ್ಯದಲ್ಲಿ ನಿಲ್ಲಿಸಿಕೊಳ್ಳುವ ಕಲೆಯನ್ನು ಈ ಸೀಮೆಯಲ್ಲಿ ಬೆಳೆಸಿದ ಸಂಸ್ಥೆ ಯಕ್ಷಗಾನದ ಮೇಳ. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳ ಮೇಳವೇ ಮೊದಲಾದ ತೆಂಕುತಿಟ್ಟಿನ ಮೇಳಗಳು ಮಳೆಗಾಲ ಕಳೆದ ಮೇಲೆ ತಿರುಗಾಟಕ್ಕೆ ಹೊರಟು, ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ರಾತ್ರಿಯಿಡೀ ಆಟ ನಡೆಸುತ್ತಿದ್ದುವು. ಕಲಾವಿದನಿಗೆ ಯಜಮಾನನು ಕೊಡುವ ಮುಂಗಡವು ಒಂದು ತಿರುಗಾಟದ ಒಪ್ಪಂದವನ್ನು ಭದ್ರಪಡಿಸುತ್ತಿದ್ದಿತು. ಆದರೆ ಎಳೆಯನನ್ನು ಮೇಳದಲ್ಲಿ ಉಳಿಸುತ್ತಿದ್ದುದು ಮುಂಗಡಕ್ಕಿಂತ ಹೆಚ್ಚಾಗಿ ವೇಷದ ಶ್ರೇಣಿ: ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲರ ಕುಣಿತದಿಂದ ಆರಂಭಿಸಿದ ಹುಡುಗನು ಪುಂಡುವೇಷಕ್ಕೆ, ಅಲ್ಲಿಂದ ಕಿರೀಟವೇಷಕ್ಕೆ ಏರುವ ದಾರಿ ರಂಗಸ್ಥಳದಲ್ಲಿಯೇ, ಸಾವಿರ ಕಣ್ಣುಗಳ ಮುಂದೆ, ನಿಚ್ಚಳವಾಗಿದ್ದಿತು. ಯಾರ ಕುಣಿತ ಎಷ್ಟು ಪಳಗಿತೆಂಬುದನ್ನು ಯಜಮಾನನೊಬ್ಬನೇ ತೀರ್ಮಾನಿಸುವಂತಿರಲಿಲ್ಲ. ಬೆಳಗಿನವರೆಗೆ ಕುಳಿತ ಪ್ರೇಕ್ಷಕರೂ ತೀರ್ಮಾನಿಸುತ್ತಿದ್ದರು.

ಕಾರ್ಖಾನೆಯ ಆಗಮನ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ಮತಾಂತರದಿಂದ ಕುಲಕಸುಬನ್ನೂ ಆಶ್ರಯವನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಕಲ್ಪಿಸುವ ಉದ್ದೇಶದಿಂದ ನೇಯ್ಗೆಯನ್ನೂ, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಸ್ಥಾಪಿಸಿದ ಕಾರ್ಖಾನೆಯ ಮೂಲಕ ಹೆಂಚಿನ ಉದ್ಯಮವನ್ನೂ ಪ್ರವರ್ತಿಸಿತು. ನೇತ್ರಾವತಿಯ ಜೇಡಿಮಣ್ಣು ಈ ಉದ್ಯಮದ ಜೀವಾಳವಾಯಿತು. ದೋಣಿಗಳ ಮೂಲಕ ಮಂಗಳೂರಿನೊಡನೆ ವ್ಯಾಪಾರ ನಡೆಸುತ್ತಿದ್ದ ಬಂಟ್ವಾಳದಂತಹ ಒಳನಾಡಿನ ಪೇಟೆಗಳ ಜನಕ್ಕೆ ಗಂಟೆಯ ಸದ್ದಿಗೆ ಹೊಂದಿಕೊಳ್ಳುವ ದುಡಿಮೆಯ ಪರಿಚಯ ಮೊದಲು ಆದುದು ಈ ಬಗೆಯ ಕಾರ್ಖಾನೆಗಳಿಂದ. ಮಳೆ ಬಂದರೆ ಕೆಲಸ, ಇಲ್ಲವಾದರೆ ವಿರಾಮ ಎಂಬ ಗದ್ದೆಯ ಕಾಲಗಣನೆ ಇಲ್ಲಿ ನಡೆಯುತ್ತಿರಲಿಲ್ಲ. ಕೂಲಿಯು ನಗದಾಗಿ ಸಿಕ್ಕಿದುದು ದುಡಿಯುವವನ ಪಾಲಿಗೆ ಸಣ್ಣ ಸಂಗತಿಯಲ್ಲ. ಅಳತೆಯ ಭತ್ತವನ್ನು ಹಂಗಿನಲ್ಲಿ ಪಡೆದವನಿಗೆ, ಎಣಿಸಿ ತೆಗೆದುಕೊಳ್ಳಬಹುದಾದ ನಾಣ್ಯವು ಒಂದು ಬಗೆಯ ಸ್ವಾತಂತ್ರ್ಯವಾಗಿಯೇ ತೋರಿದುದು ಸಹಜ.

ಪಾಶ್ಚಾತ್ಯ ದೇಶಗಳಲ್ಲಿ ದುಡಿಯುವವರ ಉತ್ಸಾಹದ ವಿಷಯವು ಶಾಸ್ತ್ರವಾಗಿ ಬೆಳೆದುದು ಇದರ ನಂತರ. ಫ್ರೆಡರಿಕ್ ಟೇಲರ್ 1911ರಲ್ಲಿ ಕೆಲಸವನ್ನು ಅಳೆದು ಅದಕ್ಕೆ ತಕ್ಕ ಕೂಲಿ ನಿಗದಿಮಾಡುವ ಮಾರ್ಗವನ್ನು ಪ್ರತಿಪಾದಿಸಿದನು. ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳನ್ನು ಆಧರಿಸಿ ಎಲ್ಟನ್ ಮೇಯೊ ಮೊದಲಾದವರು, ಕೂಲಿಯಷ್ಟೇ ಅಲ್ಲದೆ ಜೊತೆಗಾರರ ಒಡನಾಟ ಹಾಗೂ ತಮ್ಮನ್ನು ಗಮನಿಸುತ್ತಿದ್ದಾರೆಂಬ ಭಾವವೂ ದುಡಿಮೆಯ ಮೇಲೆ ಪರಿಣಾಮ ಬೀರುತ್ತವೆಂದು ವಾದಿಸಿದರು. ಗದ್ದೆಯ ಸಾಲಿನಲ್ಲಿ ಸೊಲ್ಲು ಹಿಡಿಯುತ್ತಿದ್ದ ಹೆಂಗಸರಿಗೆ ಇದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲ.

ಬೀಡಿ ಉದ್ಯಮ

ಈ ಸೀಮೆಯ ದುಡಿಮೆಯ ಚರಿತ್ರೆಯಲ್ಲಿ ಬೀಡಿಗೆ ಸಲ್ಲುವ ಸ್ಥಾನ ಮತ್ತಾವ ಉದ್ಯಮಕ್ಕೂ ಇಲ್ಲ. ಮಂಗಳೂರನ್ನು ಕೇಂದ್ರವಾಗಿಸಿಕೊಂಡು 20ನೆಯ ಶತಮಾನದ ಪೂರ್ವಾರ್ಧದಲ್ಲಿ ಬೆಳೆದ ಈ ಉದ್ಯಮವು ಗುತ್ತಿಗೆದಾರರ ಬ್ರಾಂಚುಗಳ ಮೂಲಕ ಬಂಟ್ವಾಳ, ಬೆಳ್ತಂಗಡಿಗಳ ಹಳ್ಳಿಹಳ್ಳಿಯನ್ನು ಹೊಕ್ಕಿತು. ಬ್ರಾಂಚಿನಿಂದ ತಂದ ಎಲೆಯನ್ನು ನೆನೆಸಿ, ಬಟ್ಟೆಯಲ್ಲಿ ಸುತ್ತಿಟ್ಟು ಮೆದುವಾದ ಮೇಲೆ, ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ತುಂಬಿ ಸುರುಳಿ ಸುತ್ತಿ, ತುದಿ ಮಡಚಿ ನೂಲು ಕಟ್ಟುವ ಈ ಕೆಲಸವು ಬಹುಮಟ್ಟಿಗೆ ಮನೆಯ ಹೆಂಗಸರ ಕೈಗೆ ಬಂದಿತು. ಮಜೂರಿಯು ಸಾವಿರ ಬೀಡಿಗೆ ಇಷ್ಟೆಂದು. ಅಡುಗೆ, ದನಕರು, ಮಕ್ಕಳ ಪಾಲನೆ ಇವುಗಳ ನಡುವೆ ಬಿಡುವಾದಾಗಲೆಲ್ಲ ಗೆರಸೆಯನ್ನು ಮಡಿಲಿಗೆ ಎಳೆದುಕೊಂಡು ಕುಳಿತುಕೊಳ್ಳಬಹುದೆಂಬುದೂ, ಬಂದ ಹಣ ತನ್ನ ಕೈಯಲ್ಲಿಯೇ ಉಳಿಯುವುದೆಂಬುದೂ ಇದರ ಆಕರ್ಷಣೆ. ನೆರೆಮನೆಯವರು ಒಂದೇ ಜಗಲಿಯಲ್ಲಿ ಕೂಡಿ ಕಟ್ಟುವ ರೂಢಿಯೂ, 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ರೇಡಿಯೋ ಕೇಳುತ್ತ ಕಟ್ಟುವ ರೂಢಿಯೂ ಬೇಸರವನ್ನು ನೀಗಿಸಿದುವು.

ಆದರೆ ಮಜೂರಿಯು ಎಣಿಕೆಯನ್ನು ಅವಲಂಬಿಸಿದ್ದಾಗ ಎಣಿಸುವವರು ಯಾರೆಂಬ ಪ್ರಶ್ನೆ ಅನಿವಾರ್ಯ. ಬ್ರಾಂಚಿನಲ್ಲಿ ಬೀಡಿ ಕೊಡುವಾಗ ಸರಿಯಿಲ್ಲವೆಂದು ತೆಗೆದಿಟ್ಟುದಕ್ಕೆ ಮಜೂರಿಯಿಲ್ಲ; ಕೊಟ್ಟ ಎಲೆ ಹಾಳಾಗಿದ್ದು ಸಾವಿರ ತುಂಬದಿದ್ದರೆ, ಕೊರತೆಯ ಎಲೆಯನ್ನು ಹೆಂಗಸರು ಕೈಯಿಂದ ಕೊಂಡು ಭರ್ತಿಮಾಡಬೇಕಾಗುತ್ತಿದ್ದಿತು. ಈ ಅಸಮಾಧಾನವೇ ಕಾರ್ಮಿಕ ಸಂಘಟನೆಯ ಬೀಜವಾಯಿತು. ಈ ಭಾಗದ ಕಾರ್ಮಿಕ ಹಾಗೂ ಗೇಣಿದಾರರ ಚಳವಳಿಗಳ ನಾಯಕರಲ್ಲಿ ಒಬ್ಬರಾದ ಬಿ. ವಿ. ಕಕ್ಕಿಲ್ಲಾಯರು ಬಂಟ್ವಾಳ ತಾಲ್ಲೂಕಿನಿಂದ 1972ರಲ್ಲಿಯೂ 1978ರಲ್ಲಿಯೂ ವಿಧಾನಸಭೆಗೆ ಆಯ್ಕೆಯಾದುದು ಆ ಚಳವಳಿಗಳಿಗಿದ್ದ ಜನಬಲದ ಸೂಚಕ.

1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದು ಗಣಿಸಿತು. ಅದರ ಜಾರಿಗೆ ಉದ್ಯಮಪತಿಗಳು ತೋರಿದ ಪ್ರತಿರೋಧ ಪ್ರಬಲವಾಗಿದ್ದಿತು. ಕೇರಳವು ಅದನ್ನು ಅನುಷ್ಠಾನಕ್ಕೆ ತಂದಾಗ ಮಂಗಳೂರಿನ ಉದ್ಯಮಪತಿಗಳು ಕಣ್ಣೂರಿನ ತಮ್ಮ ಕೇಂದ್ರಗಳನ್ನು ಮುಚ್ಚಿದರು. ಕೆಲಸ ಕಳೆದುಕೊಂಡ ಕಾರ್ಮಿಕರು 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘವನ್ನು ಕಟ್ಟಿ ತಾವೇ ಒಡೆಯರಾದರು. ಕಣ್ಣೂರಿನ ಬೀಡಿ ಕೇಂದ್ರಗಳಲ್ಲಿ ಒಬ್ಬನು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿರಲು ಉಳಿದವರು ಕೇಳುತ್ತ ಬೀಡಿ ಕಟ್ಟುವ ಸಂಪ್ರದಾಯವು ಪ್ರಸಿದ್ಧ. ಮನೆಮನೆಗೆ ಚದುರಿದ ಬಂಟ್ವಾಳ, ಬೆಳ್ತಂಗಡಿಗಳ ಬೀಡಿ ದುಡಿಮೆಗೆ ಅಂತಹ ದೊಡ್ಡ ಕೂಟದ ಅವಕಾಶವಿರಲಿಲ್ಲ. ಆದುದರಿಂದ ಇಲ್ಲಿನ ಗೆಲುವುಗಳು ಬಹುಪಾಲು ಕಾನೂನಿನ ದಾರಿಯಿಂದಲೇ ಬಂದುವು. 1974ರಲ್ಲಿ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕಾಯಿದೆಯ ಸಿಂಧುತ್ವವನ್ನು ಎತ್ತಿಹಿಡಿಯಿತು. ಸಾಮಾನ್ಯವಾಗಿ ಶೇ. 5ಕ್ಕಿಂತ ಹೆಚ್ಚು ಬೀಡಿಯನ್ನು ತಿರಸ್ಕರಿಸಕೂಡದೆಂಬ ನಿಯಮವು, ಎಣಿಕೆಯ ಮೇಜಿನ ಆಚೆ ಕುಳಿತವನ ಮರ್ಜಿಗೆ ಮೊದಲ ಬಾರಿಗೆ ಮಿತಿಯಿಟ್ಟಿತು. 1976ರ ಬೀಡಿ ಕಾರ್ಮಿಕರ ಕಲ್ಯಾಣನಿಧಿ ಕಾಯಿದೆಯಿಂದ ಚಿಕಿತ್ಸಾಲಯ, ವಸತಿ ನೆರವು, ಮಕ್ಕಳಿಗೆ ವಿದ್ಯಾರ್ಥಿವೇತನ ಇವೂ, 1985ರ ಸರ್ವೋಚ್ಚ ನ್ಯಾಯಾಲಯದ ಮತ್ತೊಂದು ತೀರ್ಪಿನಿಂದ ಮನೆಯಲ್ಲಿ ಕಟ್ಟುವವರ ಭವಿಷ್ಯನಿಧಿಯ ಹಕ್ಕೂ ಸ್ಥಿರಪಟ್ಟುವು. ಕಟ್ಟಿದ ಬೀಡಿಯನ್ನೂ ಸಂದ ಮಜೂರಿಯನ್ನೂ ಬರೆದ ಪಾಸ್‌ಪುಸ್ತಕವು ಕಾರ್ಮಿಕಳ ಕೈಯಲ್ಲಿಯೇ ಇರುವಂತಾದುದು ಇವೆಲ್ಲಕ್ಕಿಂತ ಸರಳವಾದರೂ ಇವೆಲ್ಲಕ್ಕೂ ಆಧಾರಭೂತವಾದ ಮಾರ್ಪಾಟು. ಬೋನಸ್ಸು, ಭವಿಷ್ಯನಿಧಿ ಮುಂತಾದ ಹಕ್ಕುಗಳನ್ನು ಕೇಳಲು ಅವಳಿಗಿದ್ದ ಸಾಕ್ಷಿ ಅದೇ. ಬಗ್ಗಿ ಕುಳಿತುದರಿಂದ ಬಂದ ಬೆನ್ನುನೋವು, ಹೊಗೆಸೊಪ್ಪಿನ ಧೂಳು ಇವಕ್ಕೆ ಮಾತ್ರ ಯಾವ ಪುಸ್ತಕದಲ್ಲಿಯೂ ಲೆಕ್ಕವಿರಲಿಲ್ಲ.

ಗೇರುಬೀಜದ ಕಾರ್ಖಾನೆಗಳು

ಮೂಡುಬಿದಿರೆ, ಬಂಟ್ವಾಳಗಳ ಗೇರುಬೀಜದ ಕಾರ್ಖಾನೆಗಳಲ್ಲಿಯೂ ದುಡಿಯುವವರಲ್ಲಿ ಹೆಂಗಸರೇ ಅಧಿಕ. ಇಲ್ಲಿ ಪ್ರೋತ್ಸಾಹದ ಸೂತ್ರವು ತೂಕದಲ್ಲಿಯೂ ತಿರುಳಿನ ಇಡಿತನದಲ್ಲಿಯೂ ಅಡಗಿದೆ. ಇಡಿಯಾಗಿ ಬಿಡಿಸಿದ ತಿರುಳಿಗೆ ಪೇಟೆಯಲ್ಲಿ ಬೆಲೆ ಹೆಚ್ಚು. ಒಂದು ಪೌಂಡಿಗೆ 300ರಿಂದ 320 ತಿರುಳು ತೂಗುವ ಡಬ್ಲ್ಯು-320 ಎಂಬ ದರ್ಜೆಯು ವ್ಯಾಪಾರದಲ್ಲಿ ಸುಪರಿಚಿತ. ಸಿಪ್ಪೆಯ ಸುಡುವ ಎಣ್ಣೆ ಬೆರಳಿಗೆ ತಗಲದಂತೆ ಕೈಗೆ ಬೂದಿ ಅಥವಾ ಎಣ್ಣೆ ಹಚ್ಚಿಕೊಂಡು, ಒಂದೇ ಪೆಟ್ಟಿಗೆ ತಿರುಳು ಒಡೆಯದಂತೆ ಬೀಜ ಬಿಡಿಸುವ ಕೈಚಳಕಕ್ಕೆ ವರ್ಷಗಳ ಅಭ್ಯಾಸ ಬೇಕು. ವೇಗಕ್ಕೆ ಕೂಲಿ ಕೊಟ್ಟರೆ ತಿರುಳು ತುಂಡಾಗುವುದೆಂಬುದನ್ನೂ, ಜಾಣ್ಮೆಗೆ ಕೂಲಿ ಕೊಟ್ಟರೆ ಇಡಿಯಾಗಿ ಉಳಿಯುವುದೆಂಬುದನ್ನೂ ಈ ಉದ್ಯಮ ಅನುಭವದಿಂದ ಅರಿತಿತು.

ಭೂಸುಧಾರಣೆ

ಗದ್ದೆಯ ದುಡಿಮೆಯ ಸ್ವರೂಪವನ್ನು ಬುಡಮಟ್ಟ ಬದಲಿಸಿದುದು, ದೇವರಾಜ ಅರಸು ಅವರ ಸರ್ಕಾರ ತಿದ್ದುಪಡಿ ಮಾಡಿ 1974ರ ಮಾರ್ಚ್ 1ರಿಂದ ಜಾರಿಗೆ ತಂದ ಕರ್ನಾಟಕ ಭೂಸುಧಾರಣಾ ಕಾಯಿದೆ. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ, ಜನರ ಬಾಯಲ್ಲಿ ‘ಡಿಕ್ಲರೇಶನ್’ ಎಂದು ಹೆಸರಾದ ಈ ವಿಧಾನದ ಮೂಲಕ, ಭೂನ್ಯಾಯಮಂಡಳಿಯ ಮುಂದೆ ತಮ್ಮ ಸಾಗುವಳಿಯನ್ನು ಸ್ಥಾಪಿಸಿಕೊಂಡರು. ಗೇಣಿಯ ಭಾರ ಅಧಿಕವಾಗಿದ್ದ ದಕ್ಷಿಣ ಕನ್ನಡದಲ್ಲಿ ಇದರ ಪ್ರಭಾವ ರಾಜ್ಯದ ಇತರೆಡೆಗಳಿಗಿಂತ ಗಾಢವಾದುದು. ಹೆರವರ ನೆಲವೆಂದು ವರ್ಷದ ಬೆಳೆಯಲ್ಲಿಯೇ ತೃಪ್ತಿಪಡುತ್ತಿದ್ದವನು, ಫಲ ಕೊಡಲು ವರ್ಷಗಳೇ ಬೇಕಾಗುವ ಅಡಿಕೆ, ತೆಂಗುಗಳನ್ನು ನೆಟ್ಟು ಕಾಯುವ ಧೈರ್ಯ ಪಡೆದುದು ನೆಲ ತನ್ನದಾದ ಮೇಲೆ. ಗೇಣಿಯೂ ಇಲ್ಲದೆ ಕೂಲಿಯನ್ನೇ ನಂಬಿದ್ದ ಭೂಹೀನರಿಗೆ ಈ ಕಾಯಿದೆಯಿಂದ ಒದಗಿದುದು ಅಲ್ಪವೆಂಬುದನ್ನೂ ಇಲ್ಲಿ ಹೇಳಬೇಕು.

ಪ್ರಗತಿಬಂಧು ಮತ್ತು ಉಜಿರೆಯ ತರಬೇತಿ

ನೆಲ ದೊರೆತರೂ ಅದನ್ನು ಹಸನುಮಾಡಲು ಸಣ್ಣ ಹಿಡುವಳಿದಾರನಿಗೆ ಆಳಿನ ಬಲವಿರಲಿಲ್ಲ. ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಮುಂದೆ ರೂಪಿಸಿದ ಪ್ರಗತಿಬಂಧು ತಂಡಗಳು ಈ ಕೊರತೆಗೆ ಹಳೆಯ ಮುಯ್ಯಾಳಿನ ಪದ್ಧತಿಯನ್ನೇ ಹೊಸ ಕಟ್ಟಳೆಯೊಡನೆ ಮುಂದಿಟ್ಟುವು. ಕೆಲವೇ ಕೃಷಿಕರ ಒಂದು ತಂಡವು ವಾರಕ್ಕೊಂದು ದಿನ ಸರದಿಯ ಮೇಲೆ ಒಬ್ಬೊಬ್ಬನ ಭೂಮಿಯಲ್ಲಿ ಕೂಲಿಯಿಲ್ಲದೆ ದುಡಿಯುವುದು. ವಾರದ ಸಭೆಯಲ್ಲಿ ಉಳಿತಾಯ, ಸಾಲ, ಕೆಲಸ ಇವೆಲ್ಲದರ ಲೆಕ್ಕವನ್ನು ಎಲ್ಲರೆದುರು ಬರೆಯುವುದು. ಮುಂದಿನ ವಾರ ತನ್ನ ತೋಟದ ಸರದಿಯಿರುವವನು ಈ ವಾರ ನೆರೆಯವನ ಬಾವಿ ತೋಡುವಲ್ಲಿ ಮೈಗಳ್ಳತನ ಮಾಡಲಾರನು. ಮೇಸ್ತ್ರಿಯಿಲ್ಲದೆ ನಡೆಯುವ ಈ ದುಡಿಮೆಯ ಬಲ ಅದರ ಸಮಾನತೆಯಲ್ಲಿದೆ. ಸಾಲದ ವಾರದ ಕಂತು ಬಡ ಕುಟುಂಬಗಳಿಗೆ ಒತ್ತಡವಾಗುವುದೆಂಬ ಆಕ್ಷೇಪವೂ ಸ್ವಸಹಾಯ ವ್ಯವಸ್ಥೆಗಳ ಜೊತೆಜೊತೆಗೇ ಬೆಳೆದುಬಂದಿದೆ.

ಅದೇ 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು ಹಾಗೂ ಕೆನರಾ ಬ್ಯಾಂಕುಗಳ ಸಹಯೋಗದಿಂದ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಸ್ಥಾಪಿತವಾಯಿತು. ಗ್ರಾಮೀಣ ನಿರುದ್ಯೋಗಿಗಳಿಗೆ ಸ್ವಂತ ಉದ್ಯೋಗದ ಅಲ್ಪಾವಧಿ ತರಬೇತಿ ಕೊಡುವ ಇದರ ಮಾದರಿಯನ್ನೇ ಅನುಸರಿಸಿ ಮುಂದೆ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಆರ್‌ಸೆಟಿ ಕೇಂದ್ರಗಳು ಹುಟ್ಟಿದುವು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ಉದ್ಯಮಿಗಳ ಮೇಲೆ ನಡೆಸಿದ ಸಾಧನಾಪ್ರೇರಣೆಯ ಪ್ರಯೋಗದ ಪ್ರಭಾವ ಭಾರತದ ಉದ್ಯಮಶೀಲತಾ ತರಬೇತಿಗಳ ಮೇಲೆ ಸ್ಪಷ್ಟವಾಗಿದೆ. ಅಂತಹ ತರಬೇತಿಗಳಲ್ಲಿ ಆಡಿಸುವ, ಬಳೆಯಾಕಾರದ ಉಂಗುರವನ್ನು ದೂರದ ಗೂಟಕ್ಕೆ ಎಸೆಯುವ ಆಟದಲ್ಲಿ, ನಿಲ್ಲುವ ದೂರವನ್ನು ಅಭ್ಯರ್ಥಿಯೇ ಆರಿಸಿಕೊಳ್ಳಬೇಕು: ತೀರ ಹತ್ತಿರ ನಿಂತವನಿಗೆ ಗೆಲುವಿನ ಸುಖವಿಲ್ಲ, ತೀರ ದೂರ ನಿಂತವನಿಗೆ ಗೆಲುವೇ ಇಲ್ಲ. ತನ್ನ ಶಕ್ತಿಯನ್ನು ತಾನೇ ಅಳೆದು ಗುರಿಯಿಟ್ಟುಕೊಳ್ಳುವುದೇ ಈ ಪಾಠದ ತಿರುಳು.

ಸಾಂಪ್ರತ ಸ್ಥಿತಿ

ಧೂಮಪಾನದ ಮೇಲಣ ನಿರ್ಬಂಧಗಳಿಂದಲೂ ಹೊಸ ತಲೆಮಾರಿನ ವಿದ್ಯಾಭ್ಯಾಸದಿಂದಲೂ ಬೀಡಿಯ ದುಡಿಮೆ ಇಳಿಮುಖವಾಗಿದೆ. ತಾಯಿ ಕಟ್ಟಿದ ಬೀಡಿಯ ಮಜೂರಿಯಲ್ಲಿ ಓದಿದ ಮಕ್ಕಳು ಉಜಿರೆ, ಮೂಡುಬಿದಿರೆಗಳ ಕಾಲೇಜುಗಳಿಂದ ಹೊರಬಿದ್ದು ಮಂಗಳೂರು, ಬೆಂಗಳೂರು, ಕೊಲ್ಲಿ ದೇಶಗಳ ಕಚೇರಿಗಳನ್ನು ಸೇರುತ್ತಿದ್ದಾರೆ. ತೋಟಗಳಲ್ಲಿ ಅಡಿಕೆ ಕೊಯ್ಯಲು ಆಳು ಸಿಕ್ಕದಿರುವುದು ನಿತ್ಯದ ಮಾತಾಗಿದೆ. ಕೂಲಿ ಹೆಚ್ಚಿಸಿದರೂ ಆಳು ನಿಲ್ಲುವುದಿಲ್ಲವೆಂಬ ತೋಟಗಾರರ ದೂರಿಗೆ ಈ ಸೀಮೆಯ ಚರಿತ್ರೆಯಲ್ಲಿಯೇ ಉತ್ತರದ ಸುಳಿವಿದೆ. ಮುಂಗಡ, ಉಡುಗೊರೆ, ಸಾಲ ಇವು ಆಳನ್ನು ತಡೆದು ನಿಲ್ಲಿಸಿದುವು. ಅವನು ಹೋಗಲು ಬೇರೆ ದಾರಿ ತೆರೆದೊಡನೆ ಅವುಗಳ ಬಲ ಮುಗಿಯಿತು. ವೇಷದ ಶ್ರೇಣಿ, ಪಾಸ್‌ಪುಸ್ತಕ, ನೆಲದ ಪಟ್ಟೆ, ಸರದಿಯ ದುಡಿಮೆ ಇವುಗಳಲ್ಲಾದರೋ ತನ್ನ ಶ್ರಮವು ಎಲ್ಲಿಗೆ ಹೋಯಿತು, ಅದರಿಂದ ತನಗೇನು ಸಂದಿತು ಎಂಬುದನ್ನು ದುಡಿಯುವವನು ಇನ್ನೊಬ್ಬರನ್ನು ಕೇಳದೆಯೇ ತಿಳಿಯಬಲ್ಲವನಾಗಿದ್ದನು. ಇಂದಿನ ಕಚೇರಿಗಳು ನೌಕರರ ಉತ್ಸಾಹಕ್ಕೆಂದು ಏರ್ಪಡಿಸುವ ಪುರಸ್ಕಾರ, ಕೂಟ, ವಿಹಾರಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಿ ಬೆಲೆಗಟ್ಟುವುದು ಯುಕ್ತ.